ಮೇಷ್ಟ್ರ ಅಂಗೈ

"ಮೇಷ್ಟ್ರೇ, ಮೇಲೆ ಬನ್ನಿ, ಇದರ ಬಾಯಿಗೆ ಅಂಗೈ ಅಡ್ಡ ಹಿಡೀರಿ," ಎಂದು ಹಳೇ ಶಿಷ್ಯ ಮೈಕಿನಲ್ಲಿ ಕರೆದದ್ದೇ ತಡ, ಮೇಷ್ಟ್ರು ಜೇಬಿನ ಭಾಷಣದ ಚೀಟಿ ಮುಟ್ಟಿ ನೋಡಿಕೊಂಡು ವೇದಿಕೆ ಹತ್ತಿದರು. ನಕ್ಷತ್ರಗಳ ಕ್ಷೀಣ ರೇಡಿಯೋ ಅಲೆಗಳನ್ನು ಹಿಡಿಯಲೆಂದು ಅವನು ಕಟ್ಟಿದ, ಕೊರೆಯುವಷ್ಟು ತಣ್ಣಗಿಟ್ಟ ರೇಡಿಯೋ ದೂರದರ್ಶಕದ ರಿಸೀವರಿನ ಉದ್ಘಾಟನೆ ಇಂದು. ಗುರುವನ್ನು ಮರೆಯಲಿಲ್ಲವಲ್ಲ ಎಂದು ಅವರು ಬೆಳಗಿನಿಂದ ಬೀಗುತ್ತಿದ್ದರು.

ಆಕಾಶಕ್ಕೆ ಬಾಯ್ತೆರೆದಿದ್ದ ಲೋಹದ ಕೊಳವೆಗೆ ಅವರು ಕೈ ಅಡ್ಡ ಹಿಡಿದರು. ಮೀಟರಿನ ಮುಳ್ಳು ಸರ್ರನೆ ಏರಿತು, ಸ್ಪೀಕರು ಭೋರ್ಗರೆಯಿತು. ಮೇಷ್ಟ್ರು ಹಿಗ್ಗಿ ಸಭೆಯತ್ತ ನೋಡಿದರು.

"ನೋಡಿದ್ರಾ? ಬಿಸಿ ಇರೋದೆಲ್ಲ ಹೀಗೇ ಗಲಾಟೆ ಮಾಡುತ್ತೆ. ಮೇಷ್ಟ್ರು ತಣ್ಣಗೆ ಮಾಡದೆ ಕಟ್ಟಿದ ರಿಸೀವರುಗಳಿಗೆ ಅವುಗಳದ್ದೇ ಗಲಾಟೆ ಬಿಟ್ಟು ಆಕಾಶದ್ದೇನೂ ಕೇಳಿಸ್ತಿರಲಿಲ್ಲ," ಎಂದ ಶಿಷ್ಯ. ಸಭೆ ಗೊಳ್ಳೆಂದು ನಕ್ಕಿತು. ರಿಸೀವರನ್ನು ತಣ್ಣಗೆ ಮಾಡೋಣ ಅಂದಿದ್ದ ಇವನಿಗೆ "ಹೋಗಿ ಐಸ್ ಮಾರಯ್ಯ" ಎಂದು ತಾವೇ ಇಡೀ ತರಗತಿಯನ್ನು ಹೀಗೇ ನಗಿಸಿದ್ದು ಮೇಷ್ಟ್ರಿಗೆ ಆಗ ನೆನಪಾಯಿತು.

"ಈಗ ಸರೀರಿ ಮೇಷ್ಟ್ರೇ."

ಸರಿದರು. ಮುಳ್ಳು ಇಳಿಯಿತು, ಸದ್ದಡಗಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಏನಾದರೂ ಹೇಳಲೇಬೇಕೆಂದು ಮೇಷ್ಟ್ರು ಚೀಟಿ ತೆಗೆದು ಮೈಕಿಗೆ ಕೈ ಚಾಚಿದರು. ತೋಳು ಕೊಳವೆಗೆ ಅಡ್ಡ ಬಂದು ಸ್ಪೀಕರು ಮತ್ತೆ ಭೋರ್ಗರೆಯಿತು.

"ಯಾರಾದ್ರೂ ಇವರನ್ನ ಕೂರಿಸ್ರಪ್ಪಾ," ಎಂದ ಶಿಷ್ಯ, ಮೈಕಿನಲ್ಲೇ.