ಕೇಳಿಸದ ತಂಬೂರಿ

"ಒಂದು ಚೂರೂ ನಷ್ಟ ಆಗದ ಲಾಸ್‌ಲೆಸ್ ಸಂಗೀತ ಅಂತೆ! ಈ ವೈರ್‌ಲೆಸ್ ಹೆಡ್‌ಫೋನಲ್ಲಿ ತಂಬೂರಿನೇ ಸತ್ತುಹೋಗಿದೆ!" ಫೋನಿನಲ್ಲಿ ಹಳೆಯ ಕಛೇರಿಯೊಂದನ್ನು ಕೇಳುತ್ತಿದ್ದ ಗಂಡ ಹೆಡ್‌ಫೋನನ್ನು ಸೋಫಾದ ಮೇಲೆ ಎಸೆದ. "ತಂಬೂರಿ ಇಲ್ದಿದ್ರೆ ಅದೂ ಒಂದು ಸಂಗೀತಾನಾ?"

ಹೆಂಡತಿ ಹಳೆಯ ವೈರಿನ ಹೆಡ್‌ಫೋನನ್ನು ಹುಡುಕಿ ತಂದುಕೊಟ್ಟಳು. ಅವನು ಅದನ್ನು ಹಾಕಿಕೊಂಡು ಅದೇ ಕಛೇರಿಯನ್ನು ಮೊದಲಿನಿಂದ ಕೇಳಿದ.

"ಆಹಾ, ಈಗ ಕೇಳಿಸ್ತು ನೋಡು! ಎಂಥಾ ಶ್ರುತಿ! ಆದ್ರೆ ಹಿಂದೆ ಕೂತು ಮೀಟಿದೋರ ಹೆಸರನ್ನೇ ಹಾಕಿಲ್ಲ. ಇವರಿಗೆ ನಾಚಿಕೆ ಆಗಲ್ವಾ?"

ಅವಳು ಫೋನಿನಿಂದ ವೈರನ್ನು ಕಿತ್ತಳು.

"ಅವತ್ತು ನಮ್ಮ ಗುರುಗಳ ಹಿಂದೆ ಕೂತು ಮೀಟಿದ್ದು ನಾನು. ಮದುವೆಯಾದ ವಾರಕ್ಕೇ ಕಿರಿಕಿರಿ ಅಂತ ನೀವು ಅಟ್ಟಕ್ಕೆ ಹಾಕಿಸಿದಿರಲ್ಲ, ಅದೇ ತಂಬೂರಿ."