ಜಯಮಾಲಾ ಕಟ್ಟಿದ ಹಾಡು

‘ನನ್ನ ಕ್ಷಮಿಸಿದ ಕೃಪೆಯೇ...’ ಎಂದು ಪಲ್ಲವಿ ಎತ್ತಿದ ಜಯಮಾಲಾಳಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ದೌಲತರಾಯ ಕಂಡ. ಅವನು ಕುಡಿದು ಓಡಿಸಿದ ಕಬ್ಬಿನ ಟ್ರ್ಯಾಕ್ಟರಿನಡಿಯೇ ಅವಳ ಗಂಡ ಸತ್ತದ್ದು. ಅಂದು ಕೋರ್ಟಿನಲ್ಲಿ ನೋಡಿದ್ದ ಮುಖ. ಶಿಕ್ಷೆ ಮುಗಿಸಿಕೊಂಡು ಬಂದವನು ಈಗ ಅಫಜಲಪುರದ ಈ ತಗಡಿನ ಪ್ರಾರ್ಥನಾ ಮನೆಯಲ್ಲಿ, ಗಂಡಸರ ಜಮಖಾನೆಯ ತುದಿಗೆ ಮುದುಡಿ ಕೂತ.

ಪಲ್ಲವಿ ಅರ್ಧಕ್ಕೇ ನಿಂತಿತು. ಕೀಬೋರ್ಡಿನ ತಾಳ ಮಾತ್ರ ತನ್ನಷ್ಟಕ್ಕೆ ಬಡಿಯುತ್ತಲೇ ಇತ್ತು. ನುಡಿಸುತ್ತಿದ್ದ ಮೈದುನ ಸುನೀಲ ಬಾಗಿ ಪಿಸುಗುಟ್ಟಿದ: ‘ವೈನಿ, ಹಾಡ್ರಿ. ಮಂದಿ ಕಾಯಾಕತ್ತಾರ.’

‘ಅವನ ಮುಂದ ಹ್ಯಾಂಗ ಹಾಡ್ಲೋ?’

‘ಇಷ್ಟು ವರ್ಷ ಅವನ ಸಲುವಾಗೇ ಹಾಡೀರಲ್ರಿ.’

ಅವಳು ಮೈಕನ್ನು ಎದೆಗೆ ಒತ್ತಿಕೊಂಡಳು. ಗಂಡನನ್ನು ಮಣ್ಣು ಮಾಡಿದ ವಾರ ಅವಳೇ ಕಟ್ಟಿದ ಹಾಡು ಅದು, ಸಭೆಗೆಲ್ಲ ಬಾಯಿಪಾಠ. ಕಾದು ಸಾಕಾಗಿ ಹೆಂಗಸರೇ ಮುಂದಿನ ಸಾಲು ಎತ್ತಿಕೊಂಡರು, ಗಂಡಸರು ಚಪ್ಪಾಳೆ ಕೂಡಿಸಿದರು: ‘ನನ್ನ ನೋಯಿಸಿದವನನ್ನೂ ಕ್ಷಮಿಸು.’ ತಗಡಿನ ಸೂರು ಗುಂಯ್‌ಗುಟ್ಟಿತು. ಹಾಡದೆ ಉಳಿದವರು ಇಬ್ಬರೇ: ತಲೆ ತಗ್ಗಿಸಿ ಕೂತ ದೌಲತರಾಯ, ಮೈಕು ಹಿಡಿದು ನಿಂತ ಜಯಮಾಲಾ.