ಇದ್ದುದರಲ್ಲಿ ಅಗ್ಗದ್ದು

ಮೊದಲನೆಯ ಏಟು ಕೆನ್ನೆಗೆ, ಎರಡನೆಯದು ಹೊಟ್ಟೆಗೆ. ಮೂರನೆಯದಕ್ಕೆ ಅಂಗಡಿಯವನು ತನ್ನದೇ ಗಾಜಿನ ಕಪಾಟಿನ ಮೇಲೆ ಬಿದ್ದ. ಗಾಜು ಪುಡಿಪುಡಿಯಾಯಿತು.

“ನನ್ನ ಹೆಂಡತಿಗೆ ಏನೋ ಮಾರಿದೆ?” ಬಂದವನು ಕೊರಳಪಟ್ಟಿ ಹಿಡಿದು ಅವನನ್ನು ಮೇಲೆತ್ತಿದ. ಇನ್ನೊಂದು ಕೈಯಲ್ಲಿ ಅಂಗೈಯಗಲದ ಹಳದಿ ಜಿಪಿಎಸ್. “ನನ್ನ ಬೀರುವಿನಲ್ಲೇ, ನನ್ನ ಅಂಗಿಗಳ ಕೆಳಗೇ ಬಚ್ಚಿಟ್ಟಿದ್ದಾಳೆ. ರಸೀದಿ ಸಮೇತ! ಎಷ್ಟು ಕೊಬ್ಬು ನೋಡು!”

ಚಾರಣದ ಸಾಮಾನು ಮಾರಿಕೊಂಡು ತನ್ನ ಪಾಡಿಗಿದ್ದ ಆ ಬಡಪಾಯಿಗೆ ಹಳದಿ ಬಣ್ಣ ಕಂಡೊಡನೆ ಎಲ್ಲ ನೆನಪಾಯಿತು.

ಅವಳು ಬಂದದ್ದು ಮಂಗಳವಾರ. ವಾರದಿಂದ ಊರಿಗೆ ಕವಿದಿದ್ದ ಮಂಜು ಅಂದೂ ಬಾಗಿಲಿಗೆ ಒರಗಿಕೊಂಡೇ ಇತ್ತು. ಅವಳ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ತುಟಿಯಲ್ಲಿ ಹೊಲಿಗೆ. ಅವನು ಕೇಳದಿದ್ದರೂ “ಬಾಗಿಲು ಬಡೀತು” ಎಂದಳು.

“ಡಬ್ಬಿ ಹುಡುಕೋ ಆಟಕ್ಕೆ ಒಂದು ಜಿಪಿಎಸ್ ಬೇಕಿತ್ತಣ್ಣ. ಯಾರೋ ಕಾಡಿನಲ್ಲಿ ಡಬ್ಬಿ ಬಚ್ಚಿಟ್ಟು ಅಕ್ಷಾಂಶ ರೇಖಾಂಶ ಕೊಡ್ತಾರಂತೆ, ನಾವು ಹೋಗಿ ಹುಡುಕಬೇಕಂತೆ. ನಾನು ಹೊಸಬಳು. ಹೆಚ್ಚು ಖರ್ಚು ಮಾಡೋ ಹಾಗಿಲ್ಲ.”

ಅಂಗಡಿಯವನಿಗೆ ಮಾತು ಸಿಕ್ಕರೆ ಊಟ ಬೇಡ. ಮೂರು ಬಗೆಯವನ್ನು ಸಾಲಾಗಿ ಇಟ್ಟ. ಹೊಸಬರಿಗೆ ಫೋನೇ ಸಾಕಲ್ಲ ಎಂದ. ಫೋನನ್ನು ಗಂಡ ದಿನಾ ತೆಗೆದು ನೋಡುತ್ತಾನೆ ಎಂದಳು. ಅಲ್ಲಿಗೆ ಅವನಿಗೆ ಎಲ್ಲ ಅರ್ಥವಾಯಿತು. ಆಟವೂ ಇಲ್ಲ, ಡಬ್ಬಿಯೂ ಇಲ್ಲ. ಇವಳು ಮನೆ ಬಿಟ್ಟು ಓಡುವ ದಾರಿ ಹುಡುಕುತ್ತಿದ್ದಾಳೆ.

“ನಡುವಿನದು ತಗೊಳ್ಳಿ ತಂಗಿ. ಸ್ವಲ್ಪವೇ ಜಾಸ್ತಿ. ಮ್ಯಾಪ್ ಇದೆ, ದಿಕ್ಸೂಚಿ ಇದೆ. ಈ ಹಳದಿಯದರಲ್ಲಿ ಬರೀ ಬಾಣ, ಎಷ್ಟು ದೂರ ಅಂತ ಒಂದು ಅಂಕಿ, ಮುಗೀತು. ನಡುವೆ ಗೋಡೆ ಇದೆಯೋ ಕೆರೆ ಇದೆಯೋ ಅದಕ್ಕೆ ಗೊತ್ತಾಗಲ್ಲ. ಅದೂ ನಿಂತಲ್ಲಿ ಗಿರಗಿರ ಸುತ್ತುತ್ತೆ. ನಡೀತಾ ಇದ್ರೇನೇ ಸರಿಯಾಗಿ ತೋರಿಸೋದು.”

“ಹಳದಿಯದೇ ಕೊಡಿ.”

“ಅದೇ ಬೆಲೆಗೆ ನಡುವಿನದು ಕೊಡ್ತೀನಿ, ತಗೊಂಡು ಹೋಗಿ.”

“ಬೇಡಣ್ಣ.”

ಸ್ವಾಭಿಮಾನದ ಹೆಣ್ಣು ಎಂದುಕೊಂಡ. ಅವಳು ಚೀಟಿ ನೋಡಿಕೊಂಡು ಅಂಕಿಗಳನ್ನು ತಾನೇ ಒತ್ತಿದಳು. ಜಾಗಕ್ಕೆ ಒಂದು ಹೆಸರು ಕೊಡಬೇಕು ಎಂದಾಗ ‘ಶುಕ್ರವಾರ ನಾಲ್ಕು ಗಂಟೆ’ ಎಂದು ಅವನ ಕೈಯಲ್ಲಿ ಬರೆಸಿದಳು. ಯಾರೋ ಪುಣ್ಯಾತ್ಮ ಅಲ್ಲಿ ಕಾಯುತ್ತಾನೆ, ಅಂತೂ ಇವಳು ಬದುಕಿಕೊಳ್ಳುತ್ತಾಳೆ. ಆ ಖುಷಿಗೆ ಅಂಗಡಿಯವನು ಬ್ಯಾಟರಿಗಳನ್ನು ಪುಕ್ಕಟೆ ಕೊಟ್ಟ.

ಇಂದು ಶುಕ್ರವಾರ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು.

“ಯಾರೋ ಅವನು? ಕೆಲಸ ಅಂತ ಸುಳ್ಳು ಹೇಳಿ ಬೆಳಿಗ್ಗೇನೇ ಮನೆಯಿಂದ ಹೋಗಿದ್ದಾಳೆ, ಆತುರದಲ್ಲಿ ಇದನ್ನ ಮರೆತಿದ್ದಾಳೆ. ಎರಡು ಕಿಲೋಮೀಟರ್ ಅಂತ ಇದೆ. ಈ ದರಿದ್ರ ಬಾಣ ನೋಡಿದ್ರೆ ಸುತ್ತುತ್ತಾನೇ ಇದೆ. ಹೆಂಗೆ ನೋಡೋದು ಬೊಗಳು!”

“ಗೊತ್ತಿಲ್ಲ.”

ಗಂಡ ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು, ಡೇರೆಯ ಗೂಟ ಬಡಿಯುವ ಸುತ್ತಿಗೆಯನ್ನು ಎಳೆದುಕೊಂಡ. ಕಿರುಬೆರಳಿನ ಮೂಳೆ ಮುರಿದದ್ದು ಅಂಗಡಿಯವನ ಕಿವಿಗೇ ಕೇಳಿಸಿತು. ಹಲ್ಲು ಕಚ್ಚಿ ತಡೆದುಕೊಂಡ. ಆ ಊದಿದ ಕಣ್ಣು ನೆನಪಾಗಿ ಬಾಯಿ ಬಿಡಲಿಲ್ಲ. ಪಕ್ಕದ ಬೆರಳೂ ಹೋಯಿತು. ಹೆಬ್ಬೆರಳ ಮೇಲೆ ಸುತ್ತಿಗೆ ಏರಿದಾಗ ಅವನ ಕೆಚ್ಚು ಮುಗಿಯಿತು.

“ಆಚೆ ಹೋಗಿ... ನಡೀತಾ ಇರಬೇಕು. ನಿಲ್ಲಬಾರದು. ಬಾಣದ ಮೇಲೇ ಕಣ್ಣಿಟ್ಟು ನೇರ ನಡೀತಾ ಇರಿ.”

“ಇಷ್ಟೇನಾ?” ಗಂಡ ಅವನ ಮುಖಕ್ಕೆ ಉಗಿದ. ಗೋಡೆಯಲ್ಲಿ ತೂಗುಹಾಕಿದ್ದ ಕೈಗೊಡಲಿ ಎತ್ತಿಕೊಂಡ. “ಇಬ್ಬರನ್ನೂ ಅಲ್ಲೇ ಹೂತು ಬರ್ತೀನಿ.” ಅಂಗಡಿಯವನ ಫೋನನ್ನು ತುಳಿದು ಒಡೆದು, ಹೊರಗಿನಿಂದ ಷಟರ್ ಎಳೆದು ಚಿಲಕ ಹಾಕಿ ಮಂಜಿನೊಳಗೆ ಹೋದ.

ಅಂಗಡಿಯವನು ಒಂದೇ ಕೈಯಲ್ಲಿ ಷಟರ್ ಬಡಿದ, ಗಂಟಲು ಹರಿಯುವಂತೆ ಕೂಗಿದ. ಒಂದು ಹೆಬ್ಬೆರಳು ಉಳಿಸಿಕೊಳ್ಳಲು ಒಂದು ಜೀವವನ್ನೇ ಕೊಟ್ಟುಬಿಟ್ಟೆನಲ್ಲ ಎಂದು ಮಗುವಿನಂತೆ ಅತ್ತ. ಪಕ್ಕದ ದರ್ಜಿ ಬಂದು ಷಟರ್ ಎತ್ತುವಾಗ ಐದು ಗಂಟೆ.

ಪೊಲೀಸಿನವನು ಬಂದ. ನನ್ನ ಕೈ ಹಾಳಾಗಲಿ, ಮೊದಲು ಆ ಹೆಣ್ಣುಮಗಳನ್ನು ಉಳಿಸಿ ಎಂದು ಅಂಗಡಿಯವನು ಅವನ ಕಾಲಿಗೇ ಬಿದ್ದ. ಪೊಲೀಸಿನವನು ಠಾಣೆಗೆ ಫೋನ್ ಮಾಡಿದ, ಅತ್ತ ಕಡೆಯ ಮಾತು ಕೇಳಿದ, ನಿಟ್ಟುಸಿರುಬಿಟ್ಟ.

“ತಡವಾಯ್ತು ಕಣಯ್ಯ. ಆಗಲೇ ಹೆಣ ಸಿಕ್ಕಿದೆಯಂತೆ. ಪಕ್ಕದಲ್ಲೇ ಕೊಡಲಿಯೂ ಬಿದ್ದಿದೆಯಂತೆ. ಏಳು, ಆಸ್ಪತ್ರೆಗೆ ಹೋಗೋಣ.”

ಅಲ್ಲಿಂದಾಚೆಗೆ ಜೀಪು ಹತ್ತಿದ್ದಾಗಲಿ ಇಳಿದದ್ದಾಗಲಿ ಅಂಗಡಿಯವನಿಗೆ ತಿಳಿಯಲಿಲ್ಲ. ಪಟ್ಟಿ ಕಟ್ಟುವ ಕೋಣೆಯಲ್ಲಿ ಅವನನ್ನು ಕೂರಿಸಿದರು. ಬಿಳಿ ಸಮವಸ್ತ್ರದ ನರ್ಸ್ ಬಂದು ಅವನ ಕೈಯನ್ನು ಮೆಲ್ಲಗೆ ಎತ್ತಿಕೊಂಡಳು. ತಲೆಯೆತ್ತಿ ನೋಡಿದ. ಎಡಗಣ್ಣಿನ ಊತ ಇಳಿದಿತ್ತು, ಸುತ್ತಲಿನ ಕಪ್ಪು ಇನ್ನೂ ಮಾಸಿರಲಿಲ್ಲ.

“ನೀವು... ನೀವು ಅಲ್ಲಿಗೆ ಹೋಗಲೇ ಇಲ್ವಾ?”

“ಬೆಳಿಗ್ಗೆ ಎಂಟರಿಂದ ಇಲ್ಲೇ ಡ್ಯೂಟಿಯಲ್ಲಿದೀನಿ. ಎಲ್ಲರೂ ನೋಡಿದಾರೆ.” ಮುರಿದ ಬೆರಳುಗಳನ್ನು ಕಂಡು ಅವಳ ಕಣ್ಣು ತುಂಬಿ ಬಂತು. “ಅವನು ನಿಮ್ಮ ತನಕ ಬರ್ತಾನೆ ಅಂದ್ಕೊಂಡಿರಲಿಲ್ಲ. ರಸೀದಿ ಹರಿದು ಹಾಕಬೇಕಿತ್ತು. ಕ್ಷಮಿಸಿಬಿಡಿ ಅಣ್ಣ.”

“ಮತ್ತೆ ಅಲ್ಲಿ ಯಾರು ಕಾಯ್ತಿದ್ರು?”

“ಯಾರೂ ಇಲ್ಲ.”

ಬಾಗಿಲಾಚೆ ಪೊಲೀಸಿನವನ ಬೆನ್ನು ಕಾಣುತ್ತಿತ್ತು. ಅವಳು ಬಗ್ಗಿ, ಪಟ್ಟಿ ಬಿಗಿಯುತ್ತಲೇ, ಅವನೊಬ್ಬನಿಗೆ ಕೇಳಿಸುವಂತೆ ಹೇಳಿದಳು.

“ಮ್ಯಾಪ್ ಇರೋದು ತಗೊಂಡಿದ್ರೆ, ಅದು ಕಲ್ಲು ಕ್ವಾರಿಯ ಹೊಂಡ ಅಂತ ಅವನಿಗೆ ಕಾಣಿಸಿಬಿಡ್ತಿತ್ತು.”